ಕಾಯಿ ಹಾಕದ ಅಡುಗೆ

ನಮ್ಮ ಡ್ರಾಯಿಂಗ್ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಕರುಳು ಬರೆದರೆ ಮಕ್ಕಳಿಗೆ ಹಸಿವಾಗುತ್ತಿತ್ತು. ನಾನು ವಿಜ್ಞಾನದ ಟೀಚರು. ಪಾಠ ಹೇಳಲು ಬರುತ್ತಿತ್ತು, ಚಿತ್ರ ಬರೆಯಲು ಬರುತ್ತಿರಲಿಲ್ಲ. ನಾನು ಬರೆದ ಜಠರ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಅದಕ್ಕೇ ಜೀರ್ಣಾಂಗಗಳ ಪಾಠ ಬಂತೆಂದರೆ ಪಕ್ಕದ ಕೋಣೆಯಿಂದ ಅವರನ್ನು ಕರೆದು ತರುತ್ತಿದ್ದೆ. ಅಂಗಿಯ ತೋಳು ಮಡಚಿ, ಬಣ್ಣದ ಸೀಮೆಸುಣ್ಣ ಹಿಡಿದು, ಬಾಯಿಂದ ಶುರುಮಾಡಿ ಕೈ ಎತ್ತದೆ ಕೆಳಗಿನವರೆಗೂ ಇಳಿಯುತ್ತಿದ್ದರು. ಸಣ್ಣಕರುಳಿನ ಸುರುಳಿ ಬಂದಾಗ ಹಿಂದಿನ ಬೆಂಚಿನಿಂದ ಯಾವನಾದರೂ ಒಬ್ಬ "ಸಾ, ಶಾವ್ಗೆ!" ಅನ್ನುವುದು ವಾಡಿಕೆ. ಮೇಷ್ಟ್ರು ತಿರುಗಿಯೂ ನೋಡದೆ, "ಕಾಯಿಹಾಲು ಆಮೇಲೆ ಹಾಕ್ತೀನಿ, ಕೂತ್ಕಳ್ಲಾ" ಅನ್ನುತ್ತಿದ್ದರು. ದೊಡ್ಡಕರುಳನ್ನು ಮಾತ್ರ ಬಹಳ ನಯವಾಗಿ ಬರೆಯುತ್ತಿದ್ದರು, ಅಂಗಡಿಯಿಂದ ಆಗತಾನೇ ತಂದ ಪೈಪಿನ ಹಾಗೆ.

ಅವರು ತೀರಿಕೊಂಡು ತಿಂಗಳಾಯಿತು. ಬೆಳಿಗ್ಗೆ ತೋಟಕ್ಕೆ ಮೋಟರು ಹಾಕಿ ಬಂದು ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಹೃದಯ ಅಂದರು. ಅವರು ಇಷ್ಟು ವರ್ಷ ಹೆದರಿಕೊಂಡು ಕಾವಲು ಕಾದದ್ದು ಒಂದು ಬಾಗಿಲನ್ನು, ಸಾವು ಬಂದದ್ದು ಇನ್ನೊಂದು ಬಾಗಿಲಿಂದ. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ನೊಣವಿನಕೆರೆಯ ಸುತ್ತಮುತ್ತ ಎಲ್ಲರಿಗೂ ಅವರು ಡ್ರಾಯಿಂಗ್ ಮೇಷ್ಟ್ರೇ. ಶೆಟ್ಟಿಕೆರೆಯಲ್ಲಿರುವ ಅವರ ತಂಗಿಗೆ ಮಾತ್ರ ಅಣ್ಣಯ್ಯ.

ಆಳು ಕಡ್ಡಿಯ ಹಾಗೆ. ತಿಂದದ್ದು ಎಲ್ಲಿಗೆ ಹೋಗುತ್ತಿತ್ತೋ ಆ ಶಿವನೇ ಬಲ್ಲ, ಏಕೆಂದರೆ ತಿನ್ನುತ್ತಿದ್ದುದು ಕಡಿಮೆಯೇನಲ್ಲ. ಅಪ್ಪ ಅಮ್ಮ ಬೇಗ ಹೋದರು. ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿ ಶೆಟ್ಟಿಕೆರೆಗೆ ಕೊಟ್ಟರು. ಅಷ್ಟರಲ್ಲಿ ತಮ್ಮ ಮದುವೆಯ ವಯಸ್ಸು ದಾಟಿತ್ತು. ಕೇಳಿದರೆ, "ಯಾರೂ ಬರ್ಲಿಲ್ಲ, ನಾನೂ ಹುಡುಕ್ಲಿಲ್ಲ ಬುಡಿ ಮೇಡಂ" ಅನ್ನುತ್ತಿದ್ದರು. ನೊಣವಿನಕೆರೆಯ ಆಚೆ, ಅಪ್ಪನ ಕಾಲದ ತೆಂಗಿನ ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ನಾನು ತಿಪಟೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನ ಯಜಮಾನರು ಹೋದಮೇಲೆ ನನ್ನದೂ ಒಂಟಿ ಮನೆಯೇ. ಆ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಿದವರಲ್ಲ.

ಅವರ ಹಸಿವು ಊರಿಗೆಲ್ಲ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಡಬ್ಬಿ ಬಿಚ್ಚಿದರೆ, ಮೇಷ್ಟ್ರ ಚಮಚ ಎಲ್ಲರ ಡಬ್ಬಿಗೂ ಒಂದು ಸುತ್ತು ಬರುತ್ತಿತ್ತು. ತಿಂದು, ಕಣ್ಣು ಮುಚ್ಚಿ, ಒಂದೇ ತೀರ್ಪು ಕೊಡುತ್ತಿದ್ದರು: "ಚೆನ್ನಾಗೈತೆ. ಇನ್ನೊಂಚೂರು ಕಾಯಿ ಬೀಳ್ಬೇಕಿತ್ತು." ಕಾಯಿಯನ್ನೇ ಅರೆದು ಮಾಡಿದ ಚಟ್ನಿಗೂ ಅದೇ ಮಾತು. ಒಂದು ಸಲ ನಾನು ರೇಗಿ, "ಮೇಷ್ಟ್ರೇ, ಇದರಲ್ಲಿ ಕಾಯಿ ಬಿಟ್ಟರೆ ಇನ್ನೇನೂ ಇಲ್ಲ" ಅಂದೆ. "ಅದಕ್ಕೇ ಹೇಳಿದ್ದು, ಇನ್ನೊಂಚೂರು" ಅಂದರು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದೇನೂ ಅತಿಯಾಸೆಯಲ್ಲ. ನಮ್ಮಲ್ಲಿ ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಹೋಳಿಗೆಗೆ ಕಾಯಿ. ಮನೆಗೆ ಬಂದವರಿಗೆ ಹೊರಡುವಾಗ ಕೈಗೆ ಕೊಡುವುದೂ ಕಾಯಿಯೇ.

ಅವರ ಅಟ್ಟದ ವಿಚಾರ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಕಾಯಿ ಕಿತ್ತ ಕೂಡಲೇ ಕೊಬ್ಬರಿ ಮಾಡುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಉರುಳಾಡುತ್ತದೆ. ಮೇಷ್ಟ್ರು ಭಾನುವಾರ ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ತಲೆ ಓರೆ ಮಾಡಿ, ಅಲ್ಲಾಡಿಸಿ ಕೇಳುತ್ತಿದ್ದರು. ಅವರಿಗೆ ಭಯವಿದ್ದದ್ದು ಕೊಳೆತ ಕಾಯಿಯದ್ದು ಮಾತ್ರ. ಒಂದು ಕಾಯಿ ಬಿರುಕು ಬಿಟ್ಟು ಸೋರಿ, ಅದರ ಚೂರು ಅಟ್ಟದ ಸಂದಿಯಲ್ಲಿ ಉಳಿದುಬಿಟ್ಟರೆ ಅಕ್ಕಪಕ್ಕದವೂ ಕೆಡುತ್ತವೆ. "ಸಂದೀಲಿ ಸಿಕ್ಕಂಡಿದ್ದು ಕೊಳೀದೆ ಇರಲ್ಲ ಮೇಡಂ" ಎಂದು ಯಾವಾಗಲೂ ಹೇಳುತ್ತಿದ್ದರು. ಈ ಮಾತೇ ಆಮೇಲೆ ಅವರ ಕೊರಳಿಗೆ ಸುತ್ತಿಕೊಂಡಿತು.

ಒಂದು ದಿನ ತುಮಕೂರಿನಲ್ಲಿ ತರಬೇತಿ ಮುಗಿಸಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಬೆಳಗಿನಿಂದಲೇ ಹೊಟ್ಟೆಯ ಎಡಗಡೆ, ಕೆಳಗೆ, ನೋವು ಶುರುವಾಗಿತ್ತಂತೆ. ಬಾಯಿ ಬಿಟ್ಟಿರಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಟೀ ಕುಡಿಯಲು ಇಳಿದವರು ಅಂಗಡಿಯ ಬೆಂಚಿನ ಮೇಲೆ ಮುದುಡಿಕೊಂಡರು. ಕೈ ಮುಟ್ಟಿದರೆ ಸುಡುತ್ತಿತ್ತು. "ಗ್ಯಾಸು ಕಣ್ರೀ, ಒಂದು ಸೋಡಾ ಕುಡುದ್ರೆ ಹೋಯ್ತದೆ" ಅಂದರು. ಅದು ಗ್ಯಾಸಿನ ಮುಖವಾಗಿ ನನಗೆ ಕಾಣಲಿಲ್ಲ. ಬಸ್ಸು ಹೋದರೆ ಹೋಗಲಿ ಎಂದು ಅಲ್ಲೇ ಒಂದು ಕಾರು ಗೊತ್ತುಮಾಡಿ ತುಮಕೂರಿಗೇ ತಿರುಗಿಸಿದೆ. ದಾರಿಯುದ್ದಕ್ಕೂ "ಸುಮ್ನೆ ನಿಮಗೆ ತೊಂದ್ರೆ" ಎನ್ನುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ದೊಡ್ಡಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಚೀಲಗಳ ಹಾಗೆ ಹೊರಕ್ಕೆ ಉಬ್ಬಿದೆ, ಒಂದು ಕಡೆ ಅದು ಕೆರಳಿ ಊದಿಕೊಂಡಿದೆ ಅಂದರು. ವಯಸ್ಸಾಗುತ್ತಾ ಎಷ್ಟೋ ಜನರಿಗೆ ಇಂಥ ಚೀಲಗಳು ಆಗುತ್ತವಂತೆ, ಇರುವುದೇ ಗೊತ್ತಾಗದೆ ಬದುಕು ಮುಗಿದುಹೋಗುತ್ತದಂತೆ. ಕೆರಳುವುದು ಕೆಲವರಲ್ಲಿ ಮಾತ್ರ. ಹಾಗೆ ಕೆರಳಿದಾಗ ಅದಕ್ಕೆ ಡೈವರ್ಟಿಕ್ಯುಲೈಟಿಸ್ ಎಂದು ಹೆಸರು. "ಹೆಸ್ರು ಮಾತ್ರ ಬೋರ್ಡ್ ಬರ್ಸೋ ಹಂಗೈತೆ" ಅಂದರು ಮೇಷ್ಟ್ರು, ಆ ನೋವಿನಲ್ಲೂ. ಡ್ರಿಪ್ಪು, ಆಂಟಿಬಯಾಟಿಕ್ಕು, ಗಂಜಿ. ಆಪರೇಷನ್ ಬೇಕಾಗಲಿಲ್ಲ.

ಮನೆಗೆ ಕಳಿಸುವ ದಿನ ಅವರು ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದರು: "ಇದು ಮತ್ತೆ ಬತ್ತದಾ?"

"ಬಂದರೂ ಬರಬಹುದು, ಬರದೇನೂ ಇರಬಹುದು" ಅಂದರು ಡಾಕ್ಟರು. "ಎಷ್ಟೋ ಜನಕ್ಕೆ ಮತ್ತೆ ಬರೋದೇ ಇಲ್ಲ. ಒಂದೆರಡು ತಿಂಗಳು ಬಿಟ್ಟು ಬನ್ನಿ, ಕ್ಯಾಮೆರಾ ಬಿಟ್ಟು ಒಳಗೆ ಒಂದು ಸಲ ನೋಡಿಬಿಡೋಣ."

ನಾನು ಅಲ್ಲೇ ನಿಂತಿದ್ದೆ. ನನಗೆ ಇಡೀ ಮಾತು ಕೇಳಿಸಿತು. ಮೇಷ್ಟ್ರು ಮನೆಗೆ ತೆಗೆದುಕೊಂಡು ಹೋದದ್ದು "ಬಂದರೂ ಬರಬಹುದು" ಎಂಬ ಮೊದಲರ್ಧವನ್ನು ಮಾತ್ರ. ಕ್ಯಾಮೆರಾ ಪರೀಕ್ಷೆಗೆ ಹೋಗಲೇ ಇಲ್ಲ. ನಾನು ನೆನಪಿಸಿದಾಗೆಲ್ಲ, "ಅಲ್ಲೆಲ್ಲಾ ಕ್ಯಾಮೆರಾ ಬುಡುಸ್ಕಳಾಕೆ ನಂದೇನು ಫೋಟೋ ಸ್ಟುಡಿಯೋನಾ?" ಎಂದು ನಗಿಸಿ ಜಾರಿಕೊಳ್ಳುತ್ತಿದ್ದರು. ಅದು ನಗುವ ವಿಷಯವಲ್ಲ, ಹೆದರಿಕೆ ಎಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ.

ಶಾಲೆಗೆ ಮರಳಿದ ವಾರ, ಮಕ್ಕಳು ಹೋದಮೇಲೆ, ನನ್ನ ತರಗತಿಗೆ ಬಂದು ಕಪ್ಪುಹಲಗೆಯ ಮೇಲೆ ದೊಡ್ಡಕರುಳು ಬರೆದರು. ಈ ಸಲ ನಯವಾಗಿರಲಿಲ್ಲ. ಎಡಗಡೆ ಇಳಿಯುವ ಭಾಗದಲ್ಲಿ ಪುಟ್ಟ ಪುಟ್ಟ ಉಬ್ಬುಗಳು, ಒಂದಕ್ಕೆ ಕೆಂಪು ಬಣ್ಣ.

"ಇದು ನಂದು" ಅಂದರು. "ಇಷ್ಟು ವರ್ಸ ಮಕ್ಕಳಿಗೆ ಸುಳ್ಳು ಚಿತ್ರ ಬರ್ಕೊಟ್ಟೆ ನೋಡಿ." ಆಮೇಲೆ ಕೆಂಪು ಉಬ್ಬಿನ ಮೇಲೆ ಬೆರಳಿಟ್ಟು, "ತುರಿದ ಕಾಯಿ ಹೋಗಿ ಈ ಸಂದೀಲಿ ಕೂತ್ಕಂಡ್ರೆ ಕೊಳೀದೆ ಇರ್ತದಾ ಮೇಡಂ?" ಎಂದು ಕೇಳಿದರು.

"ಡಾಕ್ಟರು ಕಾಯಿ ವಿಷಯ ಎತ್ತಲೇ ಇಲ್ಲವಲ್ಲ ಮೇಷ್ಟ್ರೇ" ಅಂದೆ.

"ಡಾಕ್ಟ್ರಿಗೆ ಅಟ್ಟ ಗೊತ್ತಾ?"

ಹೊಟ್ಟೆ ಅಟ್ಟವಲ್ಲ ಎಂದು ವಾದಿಸಿದೆ. ಆದರೆ ವಾದ ಗಟ್ಟಿಯಾಗಿರಲಿಲ್ಲ. ಬೀಜಗೀಜ ಒಳ್ಳೆಯದಲ್ಲ ಎಂದು ನಾನೂ ಎಲ್ಲೋ ಕೇಳಿದ್ದೆ. ಕಾಯಿಯ ವಿಷಯ ನನಗೂ ಖಾತ್ರಿಯಿರಲಿಲ್ಲ. ಅವರು ಡಸ್ಟರ್ ತೆಗೆದುಕೊಂಡು ಚಿತ್ರವನ್ನು ಚೆನ್ನಾಗಿ ಒರೆಸಿ, "ಯಾರ್ಗೂ ಹೇಳ್ಬೇಡಿ" ಅಂದರು. ಅವತ್ತಿನಿಂದ ಅವರು ಕಾಯಿ ಬಿಟ್ಟರು. ಕಾಯಿಯ ಹಿಂದೆಯೇ ಕೊಬ್ಬರಿ, ಎಳ್ಳು, ಗಸಗಸೆ, ಸೀಬೆಹಣ್ಣು, ಟೊಮೇಟೊ, ಕೊನೆಗೆ ಒಗ್ಗರಣೆಯ ಸಾಸಿವೆಯೂ ಹೋಯಿತು.

ಒಬ್ಬ ಮನುಷ್ಯ ಕಾಯಿ ಬಿಟ್ಟರೆ ಏನಾಗುತ್ತದೆ ಎಂದು ಬೇರೆ ಊರಿನವರು ಕೇಳಬಹುದು. ನಮ್ಮ ಸೀಮೆಯಲ್ಲಿ ಕಾಯಿ ಬಿಡುವುದೆಂದರೆ ಜನರನ್ನು ಬಿಡುವುದು. ಯಾರ ಮನೆಯಲ್ಲೂ ಉಣ್ಣುವ ಹಾಗಿಲ್ಲ, ಯಾರ ಡಬ್ಬಿಗೂ ಚಮಚ ಹಾಕುವ ಹಾಗಿಲ್ಲ. ಕಾರಣವಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಹೊಟ್ಟೆಯ ಕೆಳಗಿನ ಕಾಯಿಲೆಯನ್ನು ನಾಲ್ಕು ಜನರ ಮುಂದೆ ಆಡುವುದು ಅವರಿಗೆ ನಾಚಿಕೆ. ಮಧ್ಯಾಹ್ನ ತಮ್ಮ ಡಬ್ಬಿ ತೆಗೆದುಕೊಂಡು ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಹೋಗಿ ಒಬ್ಬರೇ ಕೂತು ತಿನ್ನತೊಡಗಿದರು. ಯಾರಾದರೂ ಊಟಕ್ಕೆ ಕರೆದರೆ ಉಪವಾಸ ಅನ್ನುತ್ತಿದ್ದರು. ಸೋಮವಾರ ಸರಿ, ಶನಿವಾರವೂ ಸರಿ. ಕೊನೆಕೊನೆಗೆ ಪಂಚಾಂಗದಲ್ಲಿ ಇಲ್ಲದ ಉಪವಾಸಗಳೆಲ್ಲ ಹುಟ್ಟಿಕೊಂಡವು. ಸ್ಟಾಫ್ ರೂಮಿನಲ್ಲಿ "ಮೇಷ್ಟ್ರಿಗೆ ಈಗ ನಮ್ಮ ಊಟ ಸೇರಲ್ಲ ಬುಡಿ, ದೊಡ್ಡವರಾದರು" ಎಂದು ಕುಟುಕುವುದು ಶುರುವಾಯಿತು. ಅವರಿಗೆ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಆಡುತ್ತಿದ್ದರು.

ನನಗೆ ಕಿಟಕಿಯಿಂದ ಹೊಂಗೆ ಮರ ಕಾಣುತ್ತಿತ್ತು. ಮೇಷ್ಟ್ರು ಎಡಗೈಯನ್ನು ಹೊಟ್ಟೆಯ ಎಡಭಾಗಕ್ಕೆ ಒತ್ತಿ ಹಿಡಿದು, ತಲೆ ಓರೆ ಮಾಡಿ, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಸುಮ್ಮನೆ ಕೂತಿರುತ್ತಿದ್ದರು. ಅಟ್ಟದ ಮೇಲೆ ಕಾಯಿ ಅಲ್ಲಾಡಿಸಿ ಕೇಳುವಾಗಲೂ ಹಾಗೇ ಇರುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಪ್ರಾರ್ಥನೆಯಲ್ಲಿ, ಮಾತಿನ ನಡುವೆಯೂ ಆ ಕೈ ಅಲ್ಲಿಗೆ ಹೋಗುತ್ತಿತ್ತು. ಸಣ್ಣ ನೋವು ಆಗಾಗ ಇರುತ್ತಿತ್ತಂತೆ. ಬಂತಾ, ಇದು ಅದೇನಾ, ಎಂದು ಕೇಳಿಕೊಳ್ಳುವುದರಲ್ಲೇ ದಿನ ಹೋಗುತ್ತಿತ್ತು. ನನಗೆ ಅಯ್ಯೋ ಅನಿಸುತ್ತಿತ್ತು. ಒಮ್ಮೊಮ್ಮೆ ಹೋಗಿ ಬೆನ್ನಿಗೊಂದು ಗುದ್ದಬೇಕು ಎಂದೂ ಅನಿಸುತ್ತಿತ್ತು.

ಆ ಮಧ್ಯೆ ತಂಗಿಯ ಮಗಳ ಮದುವೆ ಬಂತು. ತಿಪಟೂರಿನ ಛತ್ರದಲ್ಲಿ. ಸೋದರಮಾವ ಎಂದು ಓಡಾಡಿದ್ದೇ ಓಡಾಡಿದ್ದು. ಚಪ್ಪರದ ಬೋರ್ಡನ್ನು ತಾವೇ ಬರೆದರು, ಪಂಕ್ತಿಯಲ್ಲಿ ಬಕೆಟ್ ಹಿಡಿದು ಬಡಿಸಿದರು, ಊಟ ಮಾಡಿದಿರಾ ಎಂದರೆ "ಆಯ್ತು ಆಯ್ತು" ಎಂದು ತೇಲಿಸಿದರು. ಆದರೆ ನಮ್ಮ ಮದುವೆಗಳಲ್ಲಿ ಭೂಮದ ಊಟ ಅಂತ ಒಂದಿದೆ. ಹೆಣ್ಣು ಗಂಡಿನ ಜೊತೆ ಎರಡೂ ಕಡೆಯ ಹತ್ತಿರದ ನೆಂಟರು ಒಟ್ಟಿಗೆ ಕೂತು ಉಣ್ಣಬೇಕು. ಸೋದರಮಾವ ತಪ್ಪಿಸಿಕೊಳ್ಳುವ ಹಾಗಿಲ್ಲ. ತಂಗಿ ಬಂದು ಅಣ್ಣನ ಎಲೆಗೆ ತನ್ನ ಕೈಯಿಂದಲೇ ಕಾಯಿ ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದು, "ಇನ್ನೊಂಚೂರು ಕಾಯಿ ಬೀಳ್ಬೇಕಿತ್ತು ಅಂತ ಈಗ ಅನ್ನು ನೋಡನ ಅಣ್ಣಯ್ಯ" ಎಂದು ನಗುತ್ತಾ ನಿಂತಳು. ಬೀಗರೆಲ್ಲ ನೋಡುತ್ತಿದ್ದರು. ಮೇಷ್ಟ್ರು ಹೋಳಿಗೆಯನ್ನು ನೋಡಿದರು. ಒಂದು ತುತ್ತು ಮುರಿದರು, ಬಾಯಿಗೆ ಇಡಲಿಲ್ಲ. ಎಡಗೈ ಹೊಟ್ಟೆಗೆ ಹೋಯಿತು. ಆಮೇಲೆ ಎಲೆ ಮಡಚಿ ಎದ್ದುಬಿಟ್ಟರು.

ಭೂಮದಲ್ಲಿ ಬಡಿಸಿದ ಎಲೆ ಮಡಚಿ ಏಳುವುದೆಂದರೆ ಕಪಾಳಕ್ಕೆ ಹೊಡೆದ ಹಾಗೆ. ತಂಗಿ ಕೈ ತೊಳೆಯುವ ಜಾಗಕ್ಕೇ ಬಂದಳು. "ಬೀಗರ ಮುಂದೆ ಹಿಂಗ್ ಮಾಡ್ದಲ್ಲ ಅಣ್ಣಯ್ಯ, ನನ್ ಕೈ ಅನ್ನ ಹೇಸಿಗೆ ಆಯ್ತಾ? ಹಂಗಾರೆ ಇನ್ಮೇಲೆ ನನ್ ಹೊಸಲು ತುಳೀಬ್ಯಾಡ" ಅಂದಳು. ನಾನು ಪಕ್ಕದಲ್ಲೇ ಇದ್ದೆ. ಹೇಳಿ ಮೇಷ್ಟ್ರೇ, ಹೇಳಿಬಿಡಿ ಎಂದು ಕಣ್ಣಲ್ಲೇ ಬೇಡಿದೆ. ಅವರು ಹೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ ಕೇಳಿದಾಗ, "ಮದುವೆ ಮನೇಲಿ ನಿಂತ್ಕಂಡು ಕರುಳು ಅಂದ್ರೆ ಜನ ಕ್ಯಾನ್ಸರ್ ಅಂತಾರೆ. ಹುಡುಗಿ ವಂಶದಲ್ಲೇ ಐತೆ ಅಂತಾರೆ. ಅವಳು ಬಾಳ್ಬೇಕಲ್ಲ" ಅಂದರು. ಆಮೇಲೆ ಹೇಳಬಹುದಿತ್ತು. ಆಮೇಲೆ ಎನ್ನುವುದು ದಿನ ಕಳೆದಂತೆ ದೂರವಾಗುತ್ತಾ ಹೋಯಿತು. ಹಟದಲ್ಲಿ ಅಣ್ಣ ತಂಗಿ ಇಬ್ಬರೂ ಒಂದೇ ಮರದ ಕಾಯಿಗಳು. ಅವಳು ಕರೆಯಲಿಲ್ಲ, ಇವರು ಹೋಗಲಿಲ್ಲ. ಗೌರಿ ಹಬ್ಬಕ್ಕೆ ಇವರು ಕಳಿಸಿದ ಸೀರೆ ಮೊದಲ ವರ್ಷ ವಾಪಸು ಬಂತು. ಎರಡನೆಯ ವರ್ಷದಿಂದ ಕಳಿಸುವುದನ್ನೂ ನಿಲ್ಲಿಸಿದರು.

ಹಾಗೇ ವರ್ಷಗಳು ಹೋದವು. ಮೇಷ್ಟ್ರು ನಿವೃತ್ತರಾದರು, ಹಿಂದೆಯೇ ನಾನೂ. ಬೀಳ್ಕೊಡುಗೆಯ ದಿನ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದರು, ತಮ್ಮ ಪಾಲನ್ನು ನನ್ನ ಬ್ಯಾಗಿನೊಳಗೆ ಹಾಕಿದರು. ತೋಟದ ಮನೆಯಲ್ಲಿ ಬೇಳೆಕಟ್ಟು, ಅನ್ನ, ಮುದ್ದೆ. ಕೊಬ್ಬರಿ ತುಂಬಿದ ಅಟ್ಟದ ಕೆಳಗೆ ಕೂತು ಚಪ್ಪೆ ಸಾರು ಉಣ್ಣುವ ಮನುಷ್ಯ. ನಾನು ಆಗೊಮ್ಮೆ ಈಗೊಮ್ಮೆ ಹೋದರೆ ಜಗುಲಿಯ ಮೇಲೆ ಕೂತು ಮಾತಾಡಿ, ಹೊರಡುವಾಗ ಒಂದು ಚೀಲ ಕಾಯಿ ಕೊಡುತ್ತಿದ್ದರು. "ನನಗ್ಯಾಕೆ ಇವೆಲ್ಲ" ಅನ್ನುತ್ತಿದ್ದರು.

ಇಷ್ಟು ಕಟ್ಟುನಿಟ್ಟಾಗಿದ್ದರೂ ಅದು ಮತ್ತೆ ಬಂತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. "ಬಂದದೆ ಮೇಡಂ" ಅಂದರು, ನೆಂಟರು ಬಂದರು ಅನ್ನುವ ಹಾಗೆ. ನಾನು ಹೋಗಿ ಕರೆದುಕೊಂಡು ಆಸ್ಪತ್ರೆಗೆ ಸೇರಿಸಿದೆ. ಮಲಗಿಸಿದಾಗ ನನ್ನ ಕಡೆ ನೋಡಿ, "ಕಾಯಿ ಮುಟ್ಟಿಲ್ಲ ಕಣ್ರೀ, ದೇವರಾಣೆ. ಎಲ್ಲಿಂದ ಬಂತು?" ಎಂದು ಮಕ್ಕಳ ಹಾಗೆ ಕೇಳಿದರು. ಈ ಸಲ ತಾನು ಉಳಿಯುವುದಿಲ್ಲ ಎಂದೇ ಅವರ ನಂಬಿಕೆ. ಗೋಡೆಯ ಕಡೆ ಮುಖ ಮಾಡಿಕೊಂಡು, "ತಂಗಿಗೆ ಹೇಳ್ಬೇಡಿ, ಆದ್ಮೇಲೆ ಹೇಳಿ" ಅಂದರು. ಆದಮೇಲೆ ಅಂದರೆ ಸತ್ತಮೇಲೆ. ನನಗೆ ಸಿಟ್ಟು ನೆತ್ತಿಗೇರಿತು. ಮಾರನೆಯ ದಿನ ಶೆಟ್ಟಿಕೆರೆಯ ಬಸ್ಸು ಹತ್ತಿದೆ. ಕೊಟ್ಟ ಮಾತು ಮುರಿದೆ, ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ತಂಗಿ ಅಂಗಳದಲ್ಲಿ ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಮಗಳು ಎರಡನೆಯ ಬಾಣಂತನಕ್ಕೆ ಬಂದಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಕಿಬ್ಬನಹಳ್ಳಿ, ಕರುಳಿನ ಚೀಲಗಳು, ಕಾಯಿ, ಸಾಸಿವೆ, ಭೂಮದ ಹೋಳಿಗೆ. ಅವಳ ಎಣ್ಣೆಯ ಕೈ ಮಗುವಿನ ಕಾಲಿನ ಮೇಲೇ ನಿಂತಿತು.

"ಅದಕ್ಕಾ ಎಲೆ ಮಡಚಿದ್ದು?" ಅಂದಳು. ಮಗುವನ್ನು ಮಡಿಲಿಗೆ ಎಳೆದುಕೊಂಡು, "ಒಂದು ಮಾತು ಹೇಳಾಕೆ ಏನಾಗಿತ್ತು ಅವನಿಗೆ? ನಾನೇನು ಹೊರಗಿನೋಳಾ?" ಎಂದು ಜೋರಾಗಿ ಅತ್ತಳು. ಹಸಿ ಬಾಣಂತಿಯನ್ನು ಬಿಟ್ಟು ಬರುವ ಹಾಗಿರಲಿಲ್ಲ. "ಎದ್ದು ಓಡಾಡಂಗಾದ ತಕ್ಷಣ ನಮ್ಮನೆಗೆ ಕಳ್ಸಿ ಮೇಡಮ್ಮೋರೆ. ಅವನಿಗೆ ಆಗೋದೇ ಮಾಡಾಕ್ತೀನಿ" ಅಂದಳು.

ಮೇಷ್ಟ್ರು ಸಾಯಲಿಲ್ಲ. ಈ ಸಲದ್ದು ಮೊದಲಿನಷ್ಟು ಜೋರೂ ಇರಲಿಲ್ಲ. ಬೇಗ ಮನೆಗೆ ಕಳಿಸಿದರು. ತಂಗಿಗೆ ಹೇಳಿಬಂದದ್ದನ್ನೂ ಅವಳು ಕರೆದದ್ದನ್ನೂ ತಿಳಿಸಿದರೆ, "ಒಳಗೇನೈತೆ ನೋಡುಸ್ಕಂಡೇ ಹೋಯ್ತೀನಿ" ಅಂದರು. ನಾನು ಈ ಸಲ ಬಿಡದೆ, ಕೆಲವು ವಾರ ಬಿಟ್ಟು 'ಫೋಟೋ ಸ್ಟುಡಿಯೋ'ಗೆ ಎಳೆದುಕೊಂಡು ಹೋದೆ. ಪರೀಕ್ಷೆ ಮಾಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಚೀಲಗಳಿವೆ, ಬೇರೆ ಏನೂ ಕೆಟ್ಟದ್ದಿಲ್ಲ ಅಂದಳು. ಮುಂದೆ ಮತ್ತೆ ಬರಬಹುದು, ಬರದೆಯೂ ಇರಬಹುದು. ಬಂದರೆ ಹಿಂದಿನದಕ್ಕಿಂತ ಜೋರಾಗಿಯೇ ಬರಬೇಕೆಂದಿಲ್ಲ, ಸಾಮಾನ್ಯವಾಗಿ ಮೊದಲನೆಯದೇ ಜೋರು. ಎರಡು ಸಲ ಬಂತು ಎಂದ ಮಾತ್ರಕ್ಕೆ ಕರುಳು ಕತ್ತರಿಸುವುದೂ ಬೇಡ. ಸೊಪ್ಪು, ಕಾಳು, ತರಕಾರಿ ಚೆನ್ನಾಗಿ ತಿನ್ನಿ, ಓಡಾಡಿ, ನೋವು ಜ್ವರ ಬಂದರೆ ತಡಮಾಡದೆ ಬನ್ನಿ. ಇಷ್ಟು ಹೇಳಿ ಚೀಟಿ ಬರೆಯತೊಡಗಿದಳು.

ಮೇಷ್ಟ್ರು ಕುರ್ಚಿಯ ಅಂಚಿಗೆ ಬಂದು, "ಕಾಯಿ?" ಅಂದರು.

"ಯಾವ ಕಾಯಿ?"

"ತೆಂಗಿನಕಾಯಿ. ತಿನ್ನಂಗಿಲ್ಲ ಅಲ್ವಾ?"

"ತಿನ್ನಿ ಸರ್, ಏನೂ ಆಗಲ್ಲ. ಬೀಜ ಪದಾರ್ಥ ಹೋಗಿ ಆ ಚೀಲಗಳಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಹಿಂದೆ ಡಾಕ್ಟರುಗಳೇ ನಂಬಿದ್ದರು. ಈಗ ಹಾಗೆ ಹೇಳಲ್ಲ. ಇಷ್ಟು ದಿನ ಬಿಟ್ಟಿದ್ದಿರಾ?"

ಮೇಷ್ಟ್ರು ಆಚೆ ಬಂದು ಮೆಟ್ಟಿಲ ಮೇಲೆ ಕೂತರು. ನಾನು ಖುಷಿಯಿಂದ ಏನೇನೋ ಒದರುತ್ತಿದ್ದೆ. ಅವರು ತಲೆ ಎತ್ತಿ, "ಹಂಗಾರೆ ಇಷ್ಟು ವರ್ಸ ನಾನು ಯಾಕೆ ಒಬ್ನೇ ಉಂಡೆ ಮೇಡಂ?" ಎಂದು ಕೇಳಿದರು. ಕಾಯಿಲೆ ಅವರನ್ನು ಮಲಗಿಸಿದ್ದು ಎಲ್ಲ ಸೇರಿ ಕೆಲವೇ ದಿನ, ಉಳಿದದ್ದನ್ನೆಲ್ಲ ತಿಂದುಹಾಕಿದ್ದು ಅದರ ಹೆದರಿಕೆ.

ಬರುತ್ತೇವೆಂದು ನನ್ನಿಂದ ತಂಗಿಗೆ ಫೋನ್ ಮಾಡಿಸಿ, ಮುಂದಿನ ಭಾನುವಾರವೇ ಶೆಟ್ಟಿಕೆರೆಗೆ ಹೊರಟರು. ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದು ನನ್ನನ್ನೂ ಕರೆದುಕೊಂಡರು. ಇಸ್ತ್ರಿ ಅಂಗಿ, ಕೈಯಲ್ಲಿ ತಂಗಿಗೆ ಸೀರೆ, ಮಗುವಿಗೆ ಗಿಲಕಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಊಟದ ಕನಸು ಕಾಣುತ್ತಿದ್ದರು. "ಅವಳು ಕಾಯಿ ಚಟ್ನಿ ಅರೆದ್ರೆ ಒರಳುಕಲ್ಲೂ ಬಾಯಿ ಚಪ್ಪರಿಸ್ಬೇಕು. ಹೋಳಿಗೆ ಮಾಡಿರ್ತಾಳೆ. ಮಾಡ್ದೆ ಇದ್ರೆ ಕೇಳಿ ಮಾಡುಸ್ಕತೀನಿ, ನಾಚ್ಕೆ ಏನು!" ಇಷ್ಟು ವರ್ಷದಲ್ಲಿ ಅವರ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದನ್ನು ನಾನು ನೋಡಿದ್ದು ಅವತ್ತೇ.

ತಂಗಿ ಬಾಗಿಲಲ್ಲೇ ನಿಂತಿದ್ದಳು. ಇಬ್ಬರೂ ಹಳೆಯದನ್ನು ಎತ್ತಲಿಲ್ಲ. "ಬಾ ಅಣ್ಣಯ್ಯ, ಕಾಲು ತೊಳ್ಕ" ಅಂದಳು, ನಿನ್ನೆ ಹೋದವರು ಇವತ್ತು ಬಂದ ಹಾಗೆ. ಎಲೆ ಹಾಕಿ, ಎಲ್ಲರನ್ನೂ ಕೂರಿಸಿ ತಾನೇ ಬಡಿಸಿದಳು. ಪಲ್ಯ ಬಂತು, ಬೋಳಾಗಿತ್ತು. ಸಾರು ಬಂತು, ತೆಳ್ಳಗೆ, ಒಂದು ಕಾಳು ಸಾಸಿವೆ ಇರಲಿಲ್ಲ. ಹೋಳಿಗೆಯೂ ಬಂತು, ಬರೀ ಬೇಳೆಯ ಹೂರಣದ್ದು. ಅವಳ ಗಂಡ ತನ್ನ ಎಲೆಯನ್ನೊಮ್ಮೆ ನೋಡಿಕೊಂಡು ಮುದ್ದೆ ಮುರಿದರು.

"ಒಂದು ಚೂರು ಕಾಯಿ ಹಾಕಿಲ್ಲ ಅಣ್ಣಯ್ಯ" ಅಂದಳು ತಂಗಿ. ಮುಖದಲ್ಲಿ ಎಂಥಾ ಬೆಳಕು ಅಂತೀರಿ. "ಟೊಮೇಟೊ ಬೀಜನೂ ಸೋಸಿವ್ನಿ. ಕಾಯಿ ತುರಿಯೋ ಮಣೆನೇ ಇವತ್ತು ಅಡಿಗೆ ಮನೆಯಿಂದ ಆಚೆಗಿಟ್ಟೆ. ಎಲ್ರಿಗೂ ಇದೇ ಊಟ. ನೀನೊಬ್ಬನೇ ಯಾಕೆ ಬೇರೆ ಉಣ್ಬೇಕು?"

ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಕಡೆ ನೋಡಿ, ಯಾರಿಗೂ ಕಾಣದ ಹಾಗೆ ತಲೆಯಾಡಿಸಿದರು. ಬೇಡ. ನಾನು ಬಾಯಿ ಮುಚ್ಚಿದೆ.

ಮೇಷ್ಟ್ರು ಉಂಡರು. ಮುದ್ದೆಯ ಮೇಲೆ ಮುದ್ದೆ, ಹೋಳಿಗೆಯ ಮೇಲೆ ಹೋಳಿಗೆ. ಎಲೆಯಲ್ಲಿ ಒಂದು ಅಗುಳು ಬಿಡಲಿಲ್ಲ. "ಹೆಂಗೈತೆ ಅಣ್ಣಯ್ಯ?" ಎಂದು ಅವಳು ಅಳುಕುತ್ತಾ ಕೇಳಿದಳು. "ಚೆನ್ನಾಗೈತೆ" ಅಂದರು. ಅಲ್ಲಿಗೇ ನಿಲ್ಲಿಸಿದರು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಯಾಕೆ ಹೇಳಲಿಲ್ಲ?" ಅಂದೆ. ಅವರು ಕಿಟಕಿಯಾಚೆ ತೋಟಗಳ ಕಡೆ ಮುಖ ಮಾಡಿಕೊಂಡೇ, "ಹೇಳಿದ್ರೆ ಇಷ್ಟು ವರ್ಸ ಸುಮ್ ಸುಮ್ನೆ ಹೋಯ್ತು ಅಂತ ಅವಳಿಗೂ ಗೊತ್ತಾಯ್ತದೆ" ಅಂದರು. "ಕಾಯಿಲೆಯಿಂದ ಅಣ್ಣ ದೂರ ಆದ ಅಂತ ಅಂದ್ಕಂಡವ್ಳೆ, ಹಂಗೇ ಇರ್ಲಿ. ಸುಮ್ನೆ ಹೋಯ್ತು ಅಂತ ಗೊತ್ತಿರೋದು ನಾನೊಬ್ನೇ ಸಾಕು." ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಗೊತ್ತಲ್ಲ, ಇಬ್ರು ಆದ್ವಿ ಬುಡಿ" ಅಂದರು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಶೆಟ್ಟಿಕೆರೆ, ಕಾಯಿ ಹಾಕದ ಊಟ. ಬೇರೆ ಭಾನುವಾರಗಳಲ್ಲಿ ತಿಪಟೂರಿನ ನಮ್ಮ ಮನೆ. ತೋಟದಿಂದ ಒಂದು ಕಾಯಿ ತರುತ್ತಿದ್ದರು, ನಾನು ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆಯುತ್ತಿದ್ದೆ. ಕಳ್ಳತನದಲ್ಲಿ ತಿನ್ನುವ ಹುಡುಗನ ಹಾಗೆ ಅಡುಗೆಮನೆಯಲ್ಲೇ ಕೂತು ತಿನ್ನುತ್ತಿದ್ದರು. ತಿಂದು, ಕಣ್ಣು ಮುಚ್ಚಿ, ಇಡೀ ತೀರ್ಪು ಕೊಡುತ್ತಿದ್ದರು. ಹಳೆಯ ನೋವು ಮತ್ತೆ ಬರಲಿಲ್ಲ. ಬಂದರೆ ಬರಲಿ ಅನ್ನುತ್ತಿದ್ದರು. ನನಗೂ ಭಾನುವಾರ ಅನ್ನುವುದು ಕಾಯುವಂಥ ಒಂದು ದಿನವಾಯಿತು. ಅದನ್ನು ಅವರಿಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಅವರು ತೀರಿಕೊಂಡ ಮೇಲಿನ ಕರ್ಮ, ಶಿವಗಣಾರಾಧನೆಯನ್ನು ತೋಟದ ಮನೆಯಲ್ಲೇ ಮಾಡಿದರು. ಅವತ್ತು ಬೆಳಿಗ್ಗೆ ಅವರು ಕೊನೆಯ ಸಲ ತಂದಿಟ್ಟಿದ್ದ ಕಾಯಿ ಒಡೆದು ಚಟ್ನಿ ಅರೆದೆ. ಎಡೆಗೆ ಒಂದು ಚಮಚ ಇಡಬೇಕು ಎಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಚಪ್ಪರದಲ್ಲಿ ಬಂದವರಿಗೆಲ್ಲ ಕಾಯಿ ಹೋಳಿಗೆಯ ಊಟ ನಡೆಯುತ್ತಿತ್ತು. ಒಳಗೆ, ಅಟ್ಟದ ಕೆಳಗೆ, ಫೋಟೋದ ಮುಂದೆ ತಂಗಿ ಒಬ್ಬಳೇ ಕೂತಿದ್ದಳು. ಎಡೆಯ ಅಡುಗೆಯನ್ನು ಬೇರೆಯಾಗಿ ತಾನೇ ಮಾಡಿದ್ದಳು. ಕನ್ನಡಕ ಏರಿಸಿಕೊಂಡು, ಎಲೆಯ ಮೇಲೆ ಬಗ್ಗಿ, ಬೆರಳ ತುದಿಯಿಂದ ಏನನ್ನೋ ಹೆಕ್ಕಿ ಹೆಕ್ಕಿ ತೆಗೆಯುತ್ತಿದ್ದಳು.

"ಅಡಿಗೆಯೋನು ಗೊತ್ತಿಲ್ದೆ ನಾ ಮಾಡಿಟ್ಟಿದ್ದ ಪಲ್ಯಕ್ಕೂ ಒಗ್ಗರಣೆ ಸುರ್ದವ್ನೆ ಮೇಡಮ್ಮೋರೆ" ಅಂದಳು. "ಸಾಸಿವೆ. ಅಣ್ಣಯ್ಯಂಗೆ ಆಗಲ್ಲ."

ನಾನು ಅವಳ ಪಕ್ಕ ಕೂತೆ. ಅವಳು ಎಲೆಯಿಂದ ಕಣ್ಣು ತೆಗೆಯದೆ, "ಅವತ್ತು ಮದುವೇಲಿ ಹಂಗೆ ಅಂದ್ಬುಟ್ಟೆ, ಅದು ಮನಸಿಂದ ಹೋಗಲ್ಲ. ಕೊನೆಗಾದ್ರೂ ಅವನಿಗೆ ಆಗೋ ಅಂಥದ್ದು ನನ್ ಕೈಯಾರೆ ಮಾಡಾಕ್ದೆ. ಅಷ್ಟೇ ಸಮಾಧಾನ" ಅಂದಳು.

"ಹೌದು ಕಣಮ್ಮ" ಅಂದೆ. ಬ್ಯಾಗಿನೊಳಗೆ ಡಬ್ಬಿಯ ಮೇಲಿದ್ದ ಕೈಯನ್ನು ಆಚೆ ತೆಗೆದು, ಅವಳ ಜೊತೆ ನಾನೂ ಸಾಸಿವೆ ಹೆಕ್ಕಿದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅನ್ನಕ್ಕಿಟ್ಟು, ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಡಬ್ಬಿ ತೆರೆದು ಆ ಚಟ್ನಿಯಲ್ಲಿ ಊಟ ಮಾಡಿದೆ. ಚೆನ್ನಾಗಿತ್ತು. ಇನ್ನೊಂಚೂರು ಕಾಯಿ ಬೀಳಬೇಕಿತ್ತು.